ಹಳೆಯ ಡಾಂಬರಿನಿಂದ ಹೊಸ ರಸ್ತೆ: ಕೆರೆಯುವಲ್ಲಿಂದ ರೋಲರ್ ಓಡಿಸುವವರೆಗಿನ ಸಮಗ್ರ ಮಾರ್ಗದರ್ಶಿ

ಡಾಂಬರು ರಸ್ತೆ ಬಿರುಕು ಬಿಟ್ಟು ಪುಡಿ ಉದುರತೊಡಗಿದಾಗ ಅದರೊಳಗಿನ ಜಲ್ಲಿ ಬಹುಮಟ್ಟಿಗೆ ಹಾಕಿದ ದಿನ ಇದ್ದ ಹಾಗೇ ಇರುತ್ತದೆ. ಸೊರಗಿರುವುದು ಜಲ್ಲಿಯನ್ನು ಹಿಡಿದಿಟ್ಟಿದ್ದ ಬಿಟುಮೆನ್. ಅದೂ ಪೂರ್ತಿ ಸತ್ತಿರುವುದಿಲ್ಲ, ಗಟ್ಟಿಯಾಗಿರುತ್ತದೆ ಅಷ್ಟೆ. ಕೆರೆದು ತೆಗೆದ ಒಂದು ಟನ್ ಹಳೆಯ ಡಾಂಬರು ಪದರದಲ್ಲಿ ಸಾಮಾನ್ಯವಾಗಿ 40ರಿಂದ 60 ಕೆ.ಜಿ. ಬಿಟುಮೆನ್ ಸಿಗುತ್ತದೆ. ಉಳಿದದ್ದೆಲ್ಲ ಒಡೆದು, ಜರಡಿ ಹಿಡಿದು ಒಮ್ಮೆ ಸಿದ್ಧಪಡಿಸಿದ ಜಲ್ಲಿ. ಇಂಥದ್ದನ್ನು ತಗ್ಗು ತುಂಬಲು ಸುರಿಯುವುದೆಂದರೆ ದುಂದುಗಾರಿಕೆಯೇ ಸರಿ.

1973ರ ತೈಲ ಬಿಕ್ಕಟ್ಟಿನ ನಂತರ ಈ ಮಾಲನ್ನು ಮತ್ತೆ ರಸ್ತೆಗೆ ಹಾಕುವ ವಿಧಾನಗಳು ದೊಡ್ಡ ಪ್ರಮಾಣದಲ್ಲಿ ಬೆಳೆದವು. ಕೆರೆದು ತೆಗೆದ ಈ ಹಳೆಯ ಮಾಲನ್ನು ಎಂಜಿನಿಯರ್‌ಗಳು ಆರ್‌ಎಪಿ (ರಿಕ್ಲೇಮ್ಡ್ ಆಸ್ಫಾಲ್ಟ್ ಪೇವ್‌ಮೆಂಟ್) ಎನ್ನುತ್ತಾರೆ. ಇಷ್ಟು ದಶಕಗಳಾದರೂ ‘ಮರುಬಳಕೆ ಮಾಡಿದ ರಸ್ತೆ ಬೇಗ ಕಿತ್ತುಹೋಯಿತು’ ಎಂಬ ದೂರು ನಿಂತಿಲ್ಲ. ಅಂಥ ಕಡೆಗಳಲ್ಲಿ ಕಾರಣ ಹುಡುಕುತ್ತ ಹೋದರೆ ಹೆಚ್ಚಾಗಿ ಸಿಗುವುದು ಒಂದೇ: ಆರ್‌ಎಪಿಯನ್ನು ಅಗ್ಗದ ಜಲ್ಲಿ ಎಂದುಕೊಂಡು ಸುರಿದಿರುತ್ತಾರೆ. ಅದು ಜಲ್ಲಿಯೂ ಹೌದು, ಬೈಂಡರೂ (ಜಲ್ಲಿಯನ್ನು ಅಂಟಿಸುವ ಬಿಟುಮೆನ್) ಹೌದು, ಜೊತೆಗೆ ಒಂದಷ್ಟು ನೀರೂ ಹೌದು. ಮೂರನ್ನೂ ಅಳೆಯದೆ ಕೈಹಾಕಬಾರದು. ಈ ಬರಹದ ಹಂತಗಳೆಲ್ಲ ಆ ಅಳತೆಯ ಸುತ್ತಲೇ ಇವೆ.

ಮೊದಲು, ಬಿಟುಮೆನ್ ಮುಪ್ಪಾಗುವುದು ಹೇಗೆ

ಬಿಟುಮೆನ್‌ನಲ್ಲಿ ನಾಲ್ಕು ಬಗೆಯ ಘಟಕಗಳಿವೆ: ಸ್ಯಾಚುರೇಟ್‌ಗಳು, ಅರೋಮ್ಯಾಟಿಕ್‌ಗಳು, ರೆಸಿನ್‌ಗಳು, ಆಸ್ಫಾಲ್ಟೀನ್‌ಗಳು. ಗಾಳಿಯ ಆಮ್ಲಜನಕ ತಗುಲುತ್ತಿದ್ದಂತೆ ಅರೋಮ್ಯಾಟಿಕ್‌ಗಳು ನಿಧಾನವಾಗಿ ರೆಸಿನ್‌ಗಳಾಗುತ್ತವೆ, ರೆಸಿನ್‌ಗಳು ಆಸ್ಫಾಲ್ಟೀನ್‌ಗಳಾಗುತ್ತವೆ. ಮೆದುವಾದ ಎಣ್ಣೆಯ ಭಾಗ ಕಡಿಮೆಯಾಗಿ ಗಟ್ಟಿಯ ಭಾಗ ಹೆಚ್ಚುತ್ತದೆ. ಮುಪ್ಪಿಗೆ ಎರಡು ಘಟ್ಟಗಳು. ಡಾಂಬರು ಮಿಶ್ರಣ ತಯಾರಿಸುವ ಪ್ಲಾಂಟ್‌ನಲ್ಲಿ ಬಿಸಿ ಜಲ್ಲಿಯ ಮೇಲೆ ತೆಳ್ಳನೆಯ ಪೊರೆಯಾಗಿ ಹರಡುವಾಗ ಕೆಲವೇ ನಿಮಿಷಗಳಲ್ಲಿ ಒಂದು ಸುತ್ತು ಗಟ್ಟಿಯಾಗುತ್ತದೆ. ಎರಡನೆಯದು ರಸ್ತೆಯಲ್ಲಿ, ವರ್ಷಗಟ್ಟಲೆ. ಪ್ರಯೋಗಾಲಯದಲ್ಲಿ ಮೊದಲ ಘಟ್ಟವನ್ನು ಅನುಕರಿಸಲು ಬಿಟುಮೆನ್ ಅನ್ನು ತಿರುಗುವ ಗಾಜಿನ ಬಾಟಲಿಗಳಲ್ಲಿ 163 ಡಿಗ್ರಿ ಸೆಲ್ಸಿಯಸ್‌ನಲ್ಲಿ 85 ನಿಮಿಷ ಇಡುತ್ತಾರೆ. ಎರಡನೆಯದಕ್ಕೆ 2.1 ಮೆಗಾಪಾಸ್ಕಲ್ ಗಾಳಿಯ ಒತ್ತಡದಲ್ಲಿ, 90ರಿಂದ 110 ಡಿಗ್ರಿಯಲ್ಲಿ, 20 ಗಂಟೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಒಂದೇ ರಸ್ತೆಯಲ್ಲೂ ಮೇಲಿನ ಪದರದ ಬಿಟುಮೆನ್ ಕೆಳಗಿನದಕ್ಕಿಂತ ಹೆಚ್ಚು ಗಟ್ಟಿಯಾಗಿರುತ್ತದೆ. ಸರಿಯಾಗಿ ಅದುಮದೆ ಗಾಳಿಸಂದು ಉಳಿದ ರಸ್ತೆ, ಚೆನ್ನಾಗಿ ಅದುಮಿದ ರಸ್ತೆಗಿಂತ ಬೇಗ ಮುಪ್ಪಾಗಿರುತ್ತದೆ. ‘ಹಳೆಯ ಡಾಂಬರು’ ಎಂಬ ಒಂದೇ ಸರಕು ಎಲ್ಲೂ ಇಲ್ಲ.

ಹಂತ 1: ಕೆರೆಯುವ ಮುಂಚೆ ರಸ್ತೆಯನ್ನು ಓದಿ

ರಸ್ತೆಯಿಂದ ಕೋರ್ (ಎಲ್ಲ ಪದರಗಳೂ ಕಾಣುವ ಉರುಳೆಯಾಕಾರದ ತುಂಡು) ಕತ್ತರಿಸಿ ತೆಗೆಯಿರಿ. ಪದರಗಳೆಷ್ಟು, ಪ್ರತಿಯೊಂದರ ದಪ್ಪವೆಷ್ಟು, ಎಲ್ಲಿಂದ ಎಲ್ಲಿಗೆ ಮಾಲು ಬದಲಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ತೇಪೆ ಹಾಕಿದ ಜಾಗ, ಮುಲಾಮಿನಂತೆ ಸೀಲ್ ಕೋಟ್ ಬಳಿದ ಜಾಗ, ನಡುವೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿದ ಜಾಗ ಇವೆಲ್ಲ ಬೇರೆ ಪಟ್ಟಿಯಲ್ಲಿರಲಿ. ಹಳೆಯ ದಾಖಲೆ ಇದ್ದರೆ ಅದರಲ್ಲಿ ಪಾಲಿಮರ್ ಸೇರಿಸಿದ ಬೈಂಡರ್ ಬಳಸಿದ್ದಾರೆಯೇ ಎಂದು ನೋಡಿ. ಮುಂದಿನ ಲೆಕ್ಕ ಅದರಿಂದ ಬದಲಾಗುತ್ತದೆ.

ತುಂಬ ಹಳೆಯ ರಸ್ತೆಯಾದರೆ ಇನ್ನೊಂದು ಪರೀಕ್ಷೆ ತಪ್ಪಿಸುವಂತಿಲ್ಲ. ಒಂದು ಕಾಲದಲ್ಲಿ ಹಲವು ದೇಶಗಳು ರಸ್ತೆಗೆ ಕಲ್ಲಿದ್ದಲ ಟಾರ್ ಬಳಸುತ್ತಿದ್ದವು. ನೋಡಲು ಬಿಟುಮೆನ್‌ನಂತೆಯೇ ಕಪ್ಪು, ಆದರೆ ಅದರಲ್ಲಿ ಕ್ಯಾನ್ಸರ್‌ಕಾರಕ ಬಹುವಲಯ ಹೈಡ್ರೋಕಾರ್ಬನ್‌ಗಳು ದಂಡಿಯಾಗಿವೆ. ಕೋರ್‌ನ ಮೇಲೆ ಸಿಂಪಡಿಸುವ ಗುರುತು ದ್ರಾವಣ ಬಣ್ಣ ತಿರುಗಿದರೆ ಅನುಮಾನ ಪಡಬೇಕು, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ಟಾರ್ ಇದ್ದ ಮಾಲನ್ನು ಯಾವ ಕಾರಣಕ್ಕೂ ಬಿಸಿ ಮಾಡಬಾರದು. ಬಿಸಿ ಮರುಬಳಕೆಯ ದಾರಿ ಅಲ್ಲಿಗೆ ಮುಚ್ಚಿತು.

ರಸ್ತೆ ಯಾಕೆ ಕೆಟ್ಟಿತು ಎಂಬುದೂ ಈ ಹಂತದಲ್ಲೇ ತೀರ್ಮಾನವಾಗಬೇಕು. ಬಿರುಕು ಮೇಲಿನ ಪದರದಲ್ಲಷ್ಟೇ ಇದ್ದರೆ ಅದನ್ನು ಕೆರೆದು ಪ್ಲಾಂಟ್‌ಗೆ ಕಳಿಸಿದರೆ ಸಾಕು. 20ರಿಂದ 50 ಮಿ.ಮೀ. ಆಳದೊಳಗೆ ತೊಂದರೆ ಇದ್ದು ಅಡಿಪಾಯ ಗಟ್ಟಿಯಾಗಿದ್ದರೆ, ಸ್ಥಳದಲ್ಲೇ ಬಿಸಿ ಮಾಡಿ ಕೆದಕಿ ಮತ್ತೆ ಹಾಸುವ ವಿಧಾನವೂ ಇದೆ. ಅಡಿಯ ಪದರವೇ ಕುಸಿದಿದ್ದರೆ ಮೇಲಿನದನ್ನು ಎಷ್ಟು ಚೆಂದ ಮರುಬಳಕೆ ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಂತ 2: ಕೆರೆತ

ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳ ಮಿಲ್ಲಿಂಗ್ ಯಂತ್ರವೇ ಇದಕ್ಕೆ ಸರಿ. ಮೇಲ್ಪದರವನ್ನೂ ಕೆಳಪದರವನ್ನೂ ಬೇರೆ ಬೇರೆ ಸುತ್ತಿನಲ್ಲಿ ಕೆರೆದು ಬೇರೆ ಬೇರೆ ರಾಶಿ ಹಾಕಿದರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ. ಮೇಲ್ಪದರದಲ್ಲಿ ಒಳ್ಳೆಯ, ಸವೆಯದ ಜಲ್ಲಿಯೂ ಹೆಚ್ಚು ಬಿಟುಮೆನ್ನೂ ಇರುತ್ತದೆ. ಅದನ್ನು ಕೆಳಪದರದ ದಪ್ಪ ಜಲ್ಲಿಯೊಂದಿಗೆ ಕಲಸಿದರೆ ಎರಡರ ಬೆಲೆಯೂ ಹೋಗುತ್ತದೆ. ಯಂತ್ರ ನಿಧಾನ ಸಾಗಿ ಡ್ರಮ್ ಜೋರಾಗಿ ತಿರುಗಿದಷ್ಟೂ ಕಲ್ಲು ಒಡೆದು ಪುಡಿ ಹೆಚ್ಚುತ್ತದೆ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ವಿಪರೀತವಾದರೆ ಮುಂದೆ ಮಿಶ್ರಣದಲ್ಲಿ ಆರ್‌ಎಪಿಯ ಪಾಲನ್ನು ಆ ಪುಡಿಯೇ ಮಿತಿಗೊಳಿಸುತ್ತದೆ.

ಮಣ್ಣು, ಅಡಿಯ ಸಡಿಲ ಜಲ್ಲಿ, ಕಾಂಕ್ರೀಟ್ ಚೂರು ಸೇರದಂತೆ ನೋಡಿಕೊಳ್ಳಿ. ಲಾರಿ ಚಾಲಕನಿಗೆ ಯಾವ ರಾಶಿಗೆ ಸುರಿಯಬೇಕೆಂದು ಬಾಯಿಮಾತಲ್ಲಿ ಹೇಳಿದರೆ ಸಾಲದು, ರಾಶಿಯ ಮುಂದೆ ಫಲಕ ನೆಡಿ.

ಹಂತ 3: ರಾಶಿ, ಜರಡಿ, ಮುಖ್ಯವಾಗಿ ನೀರು

ಕೆರೆದ ಮಾಲಿನಲ್ಲಿ ಹೆಂಟೆಗಳಿರುತ್ತವೆ. ಅವನ್ನು ಬಿಡಿಸಲು ಕ್ರಷರ್ ಬೇಕು, ಆದರೆ ಕಲ್ಲೇ ಒಡೆಯುವಷ್ಟು ಬಿಗಿಯಾಗಿ ಅಲ್ಲ. ಆಮೇಲೆ ಜರಡಿ ಹಿಡಿದು ಕನಿಷ್ಠ ಎರಡು ಗಾತ್ರಗಳಾಗಿ ಬೇರ್ಪಡಿಸಿ. ಸಣ್ಣ ಗಾತ್ರದ ರಾಶಿಯಲ್ಲಿ ಬಿಟುಮೆನ್ ಪ್ರಮಾಣ ಯಾವಾಗಲೂ ಹೆಚ್ಚು, ನೀರು ಹಿಡಿಯುವ ಗುಣವೂ ಹೆಚ್ಚು. ಬೇರ್ಪಡಿಸದ ರಾಶಿಯಿಂದ ಬೆಳಗ್ಗೆ ಒಂದು ಬಗೆಯ ಮಾಲು, ಸಂಜೆ ಇನ್ನೊಂದು ಬಗೆಯ ಮಾಲು ಪ್ಲಾಂಟ್‌ಗೆ ಹೋಗುತ್ತದೆ. ಅಂಥ ಮಿಶ್ರಣಕ್ಕೆ ಯಾವ ವಿನ್ಯಾಸವೂ ಕಾಯಂ ಅಲ್ಲ.

ಈಗ ನೀರಿನ ವಿಷಯ. ಸಾಮಾನ್ಯ ಪ್ಲಾಂಟ್‌ನಲ್ಲಿ ಆರ್‌ಎಪಿಯನ್ನು ನೇರವಾಗಿ ಬೆಂಕಿಗೆ ಒಡ್ಡುವುದಿಲ್ಲ. ಹೊಸ ಜಲ್ಲಿಯನ್ನು ಹೆಚ್ಚು ಕಾಯಿಸಿ, ಅದರ ಬಿಸಿಯಿಂದಲೇ ಆರ್‌ಎಪಿಯನ್ನು ಕಾಯಿಸುತ್ತೇವೆ. ಒಂದು ಲೆಕ್ಕ ಮಾಡಿ ನೋಡೋಣ. ಮಿಶ್ರಣದಲ್ಲಿ ಶೇ. 30 ಆರ್‌ಎಪಿ, ಅದರ ಉಷ್ಣತೆ 25 ಡಿಗ್ರಿ, ಮಿಶ್ರಣ ಹೊರಬರಬೇಕಾದದ್ದು 155 ಡಿಗ್ರಿಯಲ್ಲಿ. ಆರ್‌ಎಪಿ ಪೂರ್ತಿ ಒಣಗಿದ್ದರೆ ಹೊಸ ಜಲ್ಲಿಯನ್ನು ಸುಮಾರು 210 ಡಿಗ್ರಿಗೆ ಕಾಯಿಸಿದರೆ ಸಾಕು. ಅದೇ ಆರ್‌ಎಪಿಯಲ್ಲಿ ಶೇ. 4 ನೀರಿದ್ದರೆ, ಆ ನೀರನ್ನು ಆವಿ ಮಾಡುವ ಶಾಖವೂ ಜಲ್ಲಿಯಿಂದಲೇ ಬರಬೇಕು. ಆಗ ಜಲ್ಲಿ ಸುಮಾರು 260 ಡಿಗ್ರಿಗೆ ಏರಬೇಕಾಗುತ್ತದೆ. ತೇವಾಂಶದ ಪ್ರತಿ ಶೇ. 1ಕ್ಕೂ ಸುಮಾರು 12 ಡಿಗ್ರಿ ಹೆಚ್ಚು, ಅದೂ ಪ್ಲಾಂಟ್‌ನ ಶಾಖನಷ್ಟ ಬಿಟ್ಟು. ಇಂಧನ ಖರ್ಚು ಒಂದು ಕಡೆಯಿರಲಿ, ಅಷ್ಟು ಕಾದ ಕಲ್ಲಿಗೆ ಹೊಸ ಬಿಟುಮೆನ್ ತಗುಲಿದರೆ ಅದೂ ಹುಟ್ಟುತ್ತಲೇ ಮುದುಕ. ಹೊಸ ಯಂತ್ರ ತರುವ ಮೊದಲು ರಾಶಿಗೊಂದು ಸೂರು ಹಾಕಿಸಿ ಎಂದು ನಾನು ಹೇಳುವುದು ಇದಕ್ಕೇ.

ಸೂರು ಎಂದರೆ ಬದಿಗಳು ತೆರೆದ ಶೆಡ್. ರಾಶಿಯ ಮೇಲೆ ಟಾರ್ಪಾಲು ಬಿಗಿದರೆ ಒಳಗಿನ ಆವಿ ಹೊರಹೋಗದೆ ಹನಿಗಟ್ಟಿ ಮತ್ತೆ ರಾಶಿಗೇ ಇಳಿಯುತ್ತದೆ. ಶೆಡ್ ಸಾಧ್ಯವಿಲ್ಲದಿದ್ದರೆ ರಾಶಿಯನ್ನು ಗೋಪುರದಂತೆ ಎತ್ತರವಾಗಿ ಹಾಕಿ. ಮೇಲಿನ ಹೊರಪದರ ಬಿಸಿಲಿಗೆ ಹೆಪ್ಪುಗಟ್ಟಿ ಮಳೆನೀರನ್ನು ಒಂದು ಮಟ್ಟಿಗೆ ಜಾರಿಸುತ್ತದೆ. ಅಡಿಗೆ ಇಳಿಜಾರಿನ ಗಟ್ಟಿ ನೆಲ ಇರಲಿ. ರಾಶಿಯ ಮೇಲೆ ಲೋಡರ್ ಹತ್ತಿಸಬೇಡಿ, ಮಾಲು ಅದುಮಿಕೊಂಡು ಮತ್ತೆ ಹೆಂಟೆಯಾಗುತ್ತದೆ.

ಹಂತ 4: ಪ್ರಯೋಗಾಲಯದಲ್ಲಿ ಅಳೆಯುವುದು

ಮಾದರಿ ಎತ್ತುವುದೇ ಒಂದು ಕೆಲಸ. ರಾಶಿಯ ಬುಡದಿಂದ ಒಂದು ಬುಟ್ಟಿ ತುಂಬಿಕೊಂಡು ಬಂದರೆ ದಪ್ಪ ಕಲ್ಲಷ್ಟೇ ಸಿಗುತ್ತದೆ. ಲೋಡರ್‌ನಿಂದ ರಾಶಿಯ ಬೇರೆ ಬೇರೆ ಕಡೆಯ ಒಳಮಾಲನ್ನು ತೆಗೆಸಿ, ಕಲಸಿ, ನಾಲ್ಕು ಭಾಗ ಮಾಡಿ ಇಳಿಸಿಕೊಳ್ಳಿ. ಪ್ರತಿ ಸಾವಿರ ಟನ್‌ಗೆ ಒಂದರಂತೆ, ಒಟ್ಟು ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಾದರಿ ಇರಲಿ. ಸರಾಸರಿಗಿಂತ ಏರಿಳಿತ ಮುಖ್ಯ. ಬಿಟುಮೆನ್ ಪ್ರಮಾಣದ ಪ್ರಮಾಣಿತ ವಿಚಲನೆ 0.5 ಶೇಕಡಾಂಶದೊಳಗೆ, 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿಯ ವಿಚಲನೆ 1.5ರೊಳಗೆ ಇದ್ದರೆ ಹೆಚ್ಚಿನ ಪಾಲಿಗೆ ಧೈರ್ಯ ಮಾಡಬಹುದು. ಮೀರಿದರೆ ರಾಶಿಯನ್ನು ಮತ್ತೆ ಜರಡಿಗೆ ಹಾಕಿ.

ಬಿಟುಮೆನ್ ಎಷ್ಟಿದೆ, ಜಲ್ಲಿಯ ಗಾತ್ರ ಹೇಗಿದೆ ಎಂದಷ್ಟೇ ತಿಳಿಯಲು ಸುಮಾರು 540 ಡಿಗ್ರಿಯ ಕುಲುಮೆಯಲ್ಲಿ ಸುಡುವ ವಿಧಾನ ಸಾಕು. ಬಿಟುಮೆನ್ನಿನ ಗುಣ ತಿಳಿಯಬೇಕಾದರೆ ಸುಟ್ಟರಾಗದು. ದ್ರಾವಕದಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ಜಲ್ಲಿಯಿಂದ ಬೇರ್ಪಡಿಸಿ, ಆಮೇಲೆ ರೋಟರಿ ಇವಾಪರೇಟರ್‌ನಲ್ಲಿ ದ್ರಾವಕವನ್ನು ಆವಿ ಮಾಡಿ ಬಿಟುಮೆನ್ ಅನ್ನು ಮರಳಿ ಪಡೆಯಬೇಕು. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ದ್ರಾವಕದ ಕುರುಹು ಉಳಿದರೆ ಬಿಟುಮೆನ್ ನಿಜಕ್ಕಿಂತ ಮೆದುವಾಗಿ ಕಾಣುತ್ತದೆ. ಅದನ್ನು ಓಡಿಸಲೆಂದು ಹೆಚ್ಚು ಹೊತ್ತು ಕಾಯಿಸಿದರೆ ನಿಜಕ್ಕಿಂತ ಗಟ್ಟಿಯಾಗುತ್ತದೆ. ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು ಕ್ಯಾನ್ಸರ್‌ಕಾರಕ, ಹೊಗೆ ಹೀರುವ ಗೂಡಿನೊಳಗಲ್ಲದೆ ಬಾಟಲಿಯ ಮುಚ್ಚಳ ತೆರೆಯಬೇಡಿ.

ಮರಳಿ ಪಡೆದ ಬಿಟುಮೆನ್‌ಗೆ ಪೆನೆಟ್ರೇಷನ್, ಸಾಫ್ಟನಿಂಗ್ ಪಾಯಿಂಟ್ (ಮೆದುವಾಗುವ ಉಷ್ಣತೆ), ವಿಸ್ಕಾಸಿಟಿ (ಸ್ನಿಗ್ಧತೆ) ಪರೀಕ್ಷೆಗಳಾಗಲಿ. 25 ಡಿಗ್ರಿಯಲ್ಲಿ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಎಂಬುದೇ ಪೆನೆಟ್ರೇಷನ್, ಮಿಲಿಮೀಟರಿನ ಹತ್ತನೇ ಒಂದಂಶದ ಲೆಕ್ಕದಲ್ಲಿ. ಹೊಸದಾಗಿ 60 ಇದ್ದದ್ದು ರಸ್ತೆಯಲ್ಲಿ ವರ್ಷಗಟ್ಟಲೆ ಇದ್ದು 15ಕ್ಕೆ ಇಳಿದಿರುವುದು ಅಪರೂಪವಲ್ಲ.

ಹಂತ 5: ಎಷ್ಟು ಪಾಲು, ಯಾವ ಹೊಸ ಬಿಟುಮೆನ್

ಹಲವು ಕಡೆ ಬಳಕೆಯಲ್ಲಿರುವ ಸ್ಥೂಲ ನಿಯಮ ಹೀಗಿದೆ: ಆರ್‌ಎಪಿ ಶೇ. 15ರವರೆಗೆ ಇದ್ದರೆ ಮಾಮೂಲಿ ಬಿಟುಮೆನ್ ಗ್ರೇಡೇ ಸಾಕು, 15ರಿಂದ 25ರ ನಡುವೆ ಒಂದು ಗ್ರೇಡ್ ಮೆದುವಾದದ್ದು, 25 ದಾಟಿದರೆ ಮಿಶ್ರಣದ ಲೆಕ್ಕ ಮಾಡಲೇಬೇಕು. ನನಗೆ ಕೇಳಿದರೆ 15 ದಾಟಿದ ಕೂಡಲೇ ಲೆಕ್ಕಕ್ಕೆ ಕೂರುವುದು ವಾಸಿ. ಕಷ್ಟದ್ದೇನಲ್ಲ.

ಮೊದಲು ತಿಳಿಯಬೇಕಾದದ್ದು ಒಟ್ಟು ಬಿಟುಮೆನ್‌ನಲ್ಲಿ ಹಳೆಯದರ ಪಾಲು. ಆರ್‌ಎಪಿ ಶೇ. 30, ಅದರಲ್ಲಿ ಬಿಟುಮೆನ್ ಶೇ. 4.5, ಮಿಶ್ರಣಕ್ಕೆ ಬೇಕಾದ ಒಟ್ಟು ಬಿಟುಮೆನ್ ಶೇ. 5.2 ಎಂದಿಟ್ಟುಕೊಳ್ಳಿ. ಹಳೆಯದರಿಂದ ಬರುವುದು 1.35, ಅಂದರೆ ಒಟ್ಟಿನಲ್ಲಿ ಶೇ. 26. ಇನ್ನು ಪೆನೆಟ್ರೇಷನ್‌ನ ಲೆಕ್ಕ ಲಾಗರಿದಮ್‌ನಲ್ಲಿ ನಡೆಯುತ್ತದೆ: ಹಳೆಯದರ ಲಾಗ್ ಅನ್ನು ಅದರ ಪಾಲಿನಿಂದ, ಹೊಸದರ ಲಾಗ್ ಅನ್ನು ಅದರ ಪಾಲಿನಿಂದ ಗುಣಿಸಿ ಕೂಡಿಸಿದರೆ ಮಿಶ್ರಣದ ಲಾಗ್. ಹಳೆಯದು 15, ಮಿಶ್ರಣ 60 ಆಗಬೇಕು ಎಂದರೆ ಹೊಸದು ಸುಮಾರು 98 ಪೆನೆಟ್ರೇಷನ್‌ನದ್ದಾಗಿರಬೇಕು. ಮಾಮೂಲಿಯಂತೆ 60ರದ್ದನ್ನೇ ಹಾಕಿದರೆ ಮಿಶ್ರಣ 42ಕ್ಕೆ ಇಳಿಯುತ್ತದೆ. ಬಿರುಕು ಬಿಡುವ ರಸ್ತೆ ಕಾಗದದ ಮೇಲೇ ಸಿದ್ಧವಾಯಿತು. ಸಾಫ್ಟನಿಂಗ್ ಪಾಯಿಂಟ್‌ಗೆ ಲಾಗ್ ಬೇಡ, ನೇರ ಪಾಲಿನ ಲೆಕ್ಕ ಸಾಕು. ಪಾಲಿಮರ್ ಬೈಂಡರ್ ಇದ್ದಲ್ಲಿ ಈ ಸೂತ್ರಗಳನ್ನು ನಂಬಿ ಕೂರದೆ ಎರಡನ್ನೂ ಬೆರೆಸಿಯೇ ಪರೀಕ್ಷಿಸಿ.

ಈ ಲೆಕ್ಕವೆಲ್ಲ ಹಳೆಯ, ಹೊಸ ಬಿಟುಮೆನ್ ಪೂರ್ತಿ ಬೆರೆಯುತ್ತವೆ ಎಂದು ಹಿಡಿದು ಮಾಡಿದ್ದು. ವಾಸ್ತವದಲ್ಲಿ ಹಳೆಯದು ಸ್ವಲ್ಪ ಭಾಗ ಕರಗಿ, ಉಳಿದದ್ದು ಕಲ್ಲಿಗೇ ಅಂಟಿಕೊಂಡಿರುತ್ತದೆ. ಆರ್‌ಎಪಿಯ ಬಿಟುಮೆನ್ ಪೂರ್ತಿ ದಕ್ಕಿತೆಂದು ಲೆಕ್ಕ ಹಿಡಿದು ಹೊಸದನ್ನು ಕಡಿತಗೊಳಿಸಿದರೆ ಮಿಶ್ರಣ ಒಣಕಲಾಗುತ್ತದೆ. ಆದ್ದರಿಂದ ಅದರ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಎಚ್ಚರಿಕೆ ಒಳ್ಳೆಯದು.

ಹಂತ 6: ರಿಜುವಿನೇಟರ್

ಆರ್‌ಎಪಿ ಪಾಲು ಹೆಚ್ಚಾದಂತೆ ಬರೀ ಮೆದು ಬಿಟುಮೆನ್‌ನಿಂದ ಸರಿದೂಗಿಸಲಾಗದು. ಆಗ ರಿಜುವಿನೇಟರ್, ಅಂದರೆ ಮುಪ್ಪಾದ ಬಿಟುಮೆನ್‌ಗೆ ಮತ್ತೆ ಹದ ತರುವ ಎಣ್ಣೆ ಬೇಕು. ಗಟ್ಟಿ ಬಿಟುಮೆನ್ ಅನ್ನು ಮೆದು ಮಾಡುವ ಎಣ್ಣೆಗಳು ಬೇಕಾದಷ್ಟಿವೆ. ಕಳೆದುಕೊಂಡ ಅರೋಮ್ಯಾಟಿಕ್ ಭಾಗವನ್ನು ತುಂಬಿ ಆಸ್ಫಾಲ್ಟೀನ್‌ಗಳನ್ನು ಮತ್ತೆ ಚದುರಿಸುವ ಎಣ್ಣೆಗಳು ಕಡಿಮೆ. ಶುದ್ಧೀಕರಿಸಿದ ಅರೋಮ್ಯಾಟಿಕ್ ಎಣ್ಣೆಗಳು, ಮರದ ತಿರುಳಿನಿಂದ ಬರುವ ಟಾಲ್ ಎಣ್ಣೆ, ಸಂಸ್ಕರಿಸಿದ ಸಸ್ಯಜನ್ಯ ಎಣ್ಣೆಗಳು ಸಾಮಾನ್ಯ ಬಳಕೆಯವು. ಬಳಸಿದ ಎಂಜಿನ್ ಆಯಿಲ್ ಅಗ್ಗವಾಗಿ ಸಿಗುತ್ತದೆಂದು ಆಸೆಪಡುವವರುಂಟು. ಅದು ಪ್ಯಾರಾಫಿನ್ ಬಗೆಯದು. ಸೂಜಿ ಪರೀಕ್ಷೆಯಲ್ಲಿ ಮೆದು ಎನಿಸಿದರೂ ಆಸ್ಫಾಲ್ಟೀನ್‌ಗಳನ್ನು ಬೇರ್ಪಡಿಸಿ ಮುಂದೆ ಬಿರುಕಿಗೆ ದಾರಿ ಮಾಡುತ್ತದೆ. ಕರಿದ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚಿದ್ದರೆ ನೀರು ತಗುಲಿದಾಗ ಬಿಟುಮೆನ್ ಕಲ್ಲಿನಿಂದ ಕಳಚುವ ಅಪಾಯ.

ಪ್ರಮಾಣ ನಿಗದಿಪಡಿಸಲು ಹಳೆಯ ಬಿಟುಮೆನ್‌ಗೆ ತೂಕದಲ್ಲಿ ಶೇ. 0, 4, 8 ಹೀಗೆ ಮೂರು ಹದದಲ್ಲಿ ಬೆರೆಸಿ ಗುಣ ಅಳೆದು ಗೆರೆ ಎಳೆಯಿರಿ. ಚಳಿಯ ಬಿರುಕು ತಡೆಯಲು ಬೇಕಾದದ್ದು ಕೆಳಗಿನ ಮಿತಿ, ಬೇಸಗೆಯಲ್ಲಿ ಚಕ್ರದ ಜಾಡು ಬೀಳದಂತೆ ತಡೆಯಲು ಮೇಲಿನ ಮಿತಿ. ಇವೆರಡರ ನಡುವೆ ಜಾಗವೇ ಇಲ್ಲದಿದ್ದರೆ ಆರ್‌ಎಪಿ ಪಾಲನ್ನೇ ಇಳಿಸಬೇಕು. ಬೆಂಡಿಂಗ್ ಬೀಮ್ ರಿಯೋಮೀಟರ್ (ಚಳಿಯಲ್ಲಿ ಬಿಟುಮೆನ್ ಎಷ್ಟು ಬಾಗುತ್ತದೆಂದು ಅಳೆಯುವ ಯಂತ್ರ) ಸೌಲಭ್ಯವಿದ್ದರೆ ಡೆಲ್ಟಾ ಟಿಸಿ ನೋಡಿ: ಬಿಗುಪಿನ ಮಿತಿ ತಲುಪುವ ಉಷ್ಣತೆಯಿಂದ ಸಡಿಲಿಕೆಯ ಮಿತಿ ತಲುಪುವ ಉಷ್ಣತೆಯನ್ನು ಕಳೆದರೆ ಬರುವ ಅಂತರ. ಅದು ಮೈನಸ್ 2.5 ಡಿಗ್ರಿ ತಲುಪಿದರೆ ಎಚ್ಚರಿಕೆ, ಮೈನಸ್ 5ಕ್ಕಿಂತ ಕೆಳಗಿಳಿದರೆ ಆ ಬೈಂಡರ್ ಬೇಡ. ಮುಖ್ಯವಾಗಿ, ರಿಜುವಿನೇಟರ್ ಹಾಕಿದ ಮಿಶ್ರಣವನ್ನು ಮತ್ತೊಮ್ಮೆ ಕೃತಕವಾಗಿ ಮುಪ್ಪಾಗಿಸಿಯೇ ಅಳೆಯಿರಿ. ಕೆಲವು ಎಣ್ಣೆಗಳು ಮೊದಲ ವಾರ ಚೆನ್ನಾಗಿ ಕಂಡು ಆಮೇಲೆ ಬೇಗ ಗಟ್ಟಿಯಾಗುತ್ತವೆ.

ಹಂತ 7: ಮಿಶ್ರಣ ವಿನ್ಯಾಸ

ಮಿಶ್ರಣ ವಿನ್ಯಾಸಕ್ಕೆ ಬಳಸುವ ಪದ್ಧತಿ ಮಾರ್ಷಲ್ ಆಗಲಿ, ಸೂಪರ್‌ಪೇವ್ ಆಗಲಿ, ಆರ್‌ಎಪಿ ಸೇರಿದರೂ ವಿಧಾನ ಬದಲಾಗದು. ಎರಡು ಸೂಕ್ಷ್ಮಗಳಿವೆ. ಪ್ರಯೋಗಾಲಯದಲ್ಲಿ ಆರ್‌ಎಪಿಯನ್ನು 110 ಡಿಗ್ರಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಯಿಸಬೇಡಿ, ಮೀರಿದರೆ ನೀವೇ ಅದರ ವಯಸ್ಸು ಹೆಚ್ಚಿಸಿದಂತಾಯಿತು. ಎರಡನೆಯದು ಆರ್‌ಎಪಿ ಜಲ್ಲಿಯ ಸಾಪೇಕ್ಷ ಸಾಂದ್ರತೆ. ಸುಲಭವೆಂದು ಬಲ್ಕ್ ಸಾಂದ್ರತೆಯ (ಕಲ್ಲಿನ ರಂಧ್ರಗಳನ್ನೆಲ್ಲ ಗಾತ್ರಕ್ಕೆ ಸೇರಿಸಿದ್ದು) ಜಾಗದಲ್ಲಿ ಎಫೆಕ್ಟಿವ್ ಸಾಂದ್ರತೆ (ಬಿಟುಮೆನ್ ಹೊಕ್ಕ ರಂಧ್ರಗಳನ್ನು ಬಿಟ್ಟದ್ದು) ಹಾಕಿಬಿಡುತ್ತಾರೆ. ಅದು ಯಾವಾಗಲೂ ದೊಡ್ಡ ಸಂಖ್ಯೆ. ಹಾಗಾಗಿ ಜಲ್ಲಿಯ ನಡುವಿನ ಖಾಲಿ ಜಾಗ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ವಿನ್ಯಾಸ ಪಾಸಾಗುತ್ತದೆ, ರಸ್ತೆಗೆ ಸಿಗಬೇಕಾದಷ್ಟು ಬಿಟುಮೆನ್ ಸಿಗುವುದೇ ಇಲ್ಲ. ಕಡತದಲ್ಲಿ ಎಲ್ಲವೂ ಸರಿ ಇದ್ದು ರಸ್ತೆ ಮಾತ್ರ ಬಿರಿಯುವ ಬಗೆಗಳಲ್ಲಿ ಇದೂ ಒಂದು.

ಆರ್‌ಎಪಿ ಮಿಶ್ರಣ ಜಾಡು ಬೀಳದಿರುವುದರಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ, ಗಟ್ಟಿ ಬೈಂಡರ್ ಇದೆಯಲ್ಲ. ಸ್ಟೆಬಿಲಿಟಿ (ಮಾರ್ಷಲ್ ಪರೀಕ್ಷೆಯಲ್ಲಿ ಬಿಲ್ಲೆ ತಾಳುವ ಭಾರ) ಹೆಚ್ಚು ಬಂತೆಂದು ಹಿಗ್ಗಬೇಡಿ. ಸೋಲುವುದು ಬಿರುಕಿನಲ್ಲಿ. ಆದ್ದರಿಂದ ಬಿರುಕು ನಿರೋಧದ ಪರೀಕ್ಷೆಯೊಂದು ಕಡ್ಡಾಯವಾಗಿರಲಿ. ನೀರಿನಲ್ಲಿ ನೆನೆಸಿದ ಬಿಲ್ಲೆಯ ಕರ್ಷಣ ಬಲ ಒಣ ಬಿಲ್ಲೆಯ ಶೇ. 80ಕ್ಕಿಂತ ಕಡಿಮೆಯಾಗಬಾರದು.

ಹಂತ 8: ಪ್ಲಾಂಟ್ ಮತ್ತು ಹಾಸುವಿಕೆ

ಬ್ಯಾಚ್ ಪ್ಲಾಂಟ್‌ನಲ್ಲಿ ಆರ್‌ಎಪಿ ಬಿಸಿ ಜಲ್ಲಿಯ ಜೊತೆ ಮಿಕ್ಸರ್‌ಗೆ ಬೀಳುತ್ತಿದ್ದಂತೆ ಒಳಗಿನ ನೀರು ಒಮ್ಮೆಲೆ ಆವಿಯಾಗಿ ಏಳುತ್ತದೆ. ಅದಕ್ಕೆ ಹೊರಹೋಗುವ ದಾರಿ ಇರಬೇಕು. ಹೊಸ ಬಿಟುಮೆನ್ ಬಿಡುವ ಮೊದಲು ಹತ್ತು ಹದಿನೈದು ಸೆಕೆಂಡು ಹೆಚ್ಚುವರಿ ಒಣ ಕಲಸಾಟ ಕೊಡಿ. ಡ್ರಮ್ ಪ್ಲಾಂಟ್ ಆದರೆ ಆರ್‌ಎಪಿ ಜ್ವಾಲೆಯ ಆಚೆ, ಡ್ರಮ್‌ನ ನಡುವಿನ ಕಂಠಪಟ್ಟಿಯ ಬಳಿ ಒಳಸೇರಬೇಕು. ಚಿಮಣಿಯಿಂದ ನೀಲಿ ಹೊಗೆ ಬಂದರೆ ಬಿಟುಮೆನ್ ಸುಡುತ್ತಿದೆ ಎಂದೇ ಅರ್ಥ, ಆ ಕ್ಷಣವೇ ಪ್ಲಾಂಟ್ ನಿಲ್ಲಿಸಿ ನೋಡಿ. ಫಿಲ್ಟರ್ ಚೀಲಗಳಿಗೆ ಹೋಗುವ ಅನಿಲದ ಉಷ್ಣತೆ ಸುಮಾರು 200 ಡಿಗ್ರಿ ದಾಟದಂತೆ ಕಣ್ಣಿಡಿ. ಶೇ. 50ರ ಆಚೆ ಹೋಗಬೇಕಾದರೆ ಆರ್‌ಎಪಿಯನ್ನೇ 110ರಿಂದ 130 ಡಿಗ್ರಿಗೆ ಕಾಯಿಸುವ ಪ್ರತ್ಯೇಕ ಡ್ರಮ್ ಬೇಕು. ಅದಿಲ್ಲದೆ ಅಂಥ ಸಾಹಸ ಬೇಡ.

ಕಡಿಮೆ ಉಷ್ಣತೆಯಲ್ಲಿ ಮಿಶ್ರಣ ತಯಾರಿಸುವ ವಾರ್ಮ್ ಮಿಕ್ಸ್ ತಂತ್ರ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಉಷ್ಣತೆ 20ರಿಂದ 40 ಡಿಗ್ರಿ ಇಳಿಯುವುದರಿಂದ ಹೊಸ ಬಿಟುಮೆನ್ ಪ್ಲಾಂಟ್‌ನಲ್ಲೇ ಮುಪ್ಪಾಗುವುದು ಕಡಿಮೆ.

ಹಾಸುವಾಗ ವಿಶೇಷವೇನಿಲ್ಲ, ಒಂದನ್ನು ಬಿಟ್ಟು: ಈ ಮಿಶ್ರಣ ಬೇಗ ಬಿಗಿಯುತ್ತದೆ. ರೋಲರ್ ಪೇವರ್‌ನ (ಮಿಶ್ರಣ ಹಾಸುವ ಯಂತ್ರದ) ಬೆನ್ನಿಗೇ ಇರಬೇಕು. ಗರಿಷ್ಠ ಸೈದ್ಧಾಂತಿಕ ಸಾಂದ್ರತೆಯ (ಗಾಳಿಸಂದೇ ಇಲ್ಲದಿದ್ದರೆ ಇರುವ ಸಾಂದ್ರತೆಯ) ಶೇ. 92-93 ಮುಟ್ಟದೆ ಬಿಟ್ಟರೆ ಗಾಳಿಸಂದುಗಳ ಮೂಲಕ ಆಮ್ಲಜನಕ ಒಳಹೊಕ್ಕು, ಮೊದಲೇ ಅರ್ಧ ಮುಪ್ಪಾದ ಬೈಂಡರ್ ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ.

ಬಿಸಿ ಮಾಡದ ದಾರಿ

ಪ್ಲಾಂಟ್ ದೂರವಿದ್ದಾಗ, ಇಲ್ಲವೇ ರಸ್ತೆ ಆಳದವರೆಗೆ ಕೆಟ್ಟಿದ್ದಾಗ ತಣ್ಣನೆಯ ಮರುಬಳಕೆ ಉತ್ತಮ. ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಕೆರೆದು, ಅಲ್ಲೇ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಬಿಟುಮೆನ್) ಅಥವಾ ನೊರೆ ಬಿಟುಮೆನ್ ಬೆರೆಸಿ ಹಾಸುತ್ತಾರೆ. ಅಡಿಯ ಜಲ್ಲಿಯನ್ನೂ ಸೇರಿಸಿ 150ರಿಂದ 300 ಮಿ.ಮೀ.ವರೆಗೆ ಹೋಗುವುದೂ ಉಂಟು. ನೊರೆಯ ಉಪಾಯವನ್ನು 1956ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲ್ಯಾಡಿಸ್ ಚಾನಿ ತೋರಿಸಿದ್ದರು, ಆಗ ಹಬೆ ಬಳಸಿ. ಈಗ 160ರಿಂದ 180 ಡಿಗ್ರಿಯ ಬಿಟುಮೆನ್‌ಗೆ ತೂಕದ ಶೇ. 2-3ರಷ್ಟು ತಣ್ಣೀರು ಚಿಮ್ಮಿಸುತ್ತಾರೆ. ಅದು ಉಬ್ಬಿ ಕನಿಷ್ಠ ಎಂಟು ಪಟ್ಟಾಗಬೇಕು, ಆ ನೊರೆ ಅರ್ಧಕ್ಕೆ ಇಳಿಯಲು ಕನಿಷ್ಠ ಆರು ಸೆಕೆಂಡು ಹಿಡಿಯಬೇಕು. ಅಷ್ಟು ಹೊತ್ತಿನೊಳಗೆ ಕಲಸಾಟ ನಡೆದಿರಬೇಕು.

ನೊರೆ ಬಿಟುಮೆನ್ ಹಾಕಿದ ಮಿಶ್ರಣ ಕಪ್ಪಗೆ ಮಿರುಗುವುದಿಲ್ಲ. ನೊರೆ ಅಂಟುವುದು ಸಣ್ಣ ಪುಡಿಗೆ ಮಾತ್ರ, ಆ ಪುಡಿ ದಪ್ಪ ಕಲ್ಲುಗಳನ್ನು ಅಲ್ಲಲ್ಲಿ ಬೆಸೆಯುತ್ತದೆ. ಬಿಟುಮೆನ್ ಸಾಲದೆಂದು ಮೇಸ್ತ್ರಿ ಇನ್ನಷ್ಟು ಸುರಿಸಲು ಹೊರಟರೆ ತಡೆಯಿರಿ. ಸಾಮಾನ್ಯವಾಗಿ ಶೇ. 2ರಿಂದ 2.5 ಬಿಟುಮೆನ್, ಶೇ. 1ರಷ್ಟು ಸಿಮೆಂಟ್ ಸಾಕು. ಸಿಮೆಂಟ್ ಹೆಚ್ಚಿಸಿದರೆ ಬಲ ಬೇಗ ಬರುತ್ತದೆ, ಪದರ ಮಾತ್ರ ಬಿರುಸಾಗಿ ಸೀಳುತ್ತದೆ.

ತಣ್ಣನೆಯ ಪದರ ಹಾಸಿದ ಕೂಡಲೇ ಅದರ ಮೇಲೆ ಡಾಂಬರು ಮುಚ್ಚಬೇಡಿ. ಒಳಗಿನ ನೀರು ಆರಿ ಹೋಗಬೇಕು. ಎಮಲ್ಷನ್ ಕೆಲಸದಲ್ಲಿ ತೇವಾಂಶ ಶೇ. 2ರ ಆಸುಪಾಸಿಗೆ ಇಳಿದ ಮೇಲೆಯೇ ಮುಂದಿನ ಪದರ. ಅಲ್ಲಿಯವರೆಗೆ ವಾಹನಗಳನ್ನು ನಿಧಾನವಾಗಿ ಬಿಡಬಹುದು, ಮೇಲ್ಮೈ ಉದುರತೊಡಗಿದರೆ ತೆಳುವಾದ ಎಮಲ್ಷನ್ ಸಿಂಪಡಿಸಿ ಮರಳು ಎರಚಿ. ಮಳೆ ಬಂದು ಪದರ ಮತ್ತೆ ನೆನೆದರೆ ತೇವಾಂಶವನ್ನು ಮೊದಲಿನಿಂದ ಅಳೆಯಿರಿ. ಆರಿದ ಮೇಲೆ ಗುಡಿಸಿ, ಟ್ಯಾಕ್ ಕೋಟ್ (ಎರಡು ಪದರಗಳನ್ನು ಅಂಟಿಸುವ ತೆಳು ಬಿಟುಮೆನ್ ಲೇಪ) ಬಳಿದು ಬಿಸಿ ಮಿಶ್ರಣದ ಮೇಲ್ಪದರ ಹಾಸಿ.